302 ಎಂಜಿನ್ ಕೈಯಲ್ಲಿದೆ, ಬಾಡಿ ಯಾವುದು? ಬಾನವಿಲ್ ಉಪ್ಪಿನ ಬಯಲಿಗೆ ಕಾರು ಕಟ್ಟುವ ಒಂದು ಪ್ರಕರಣ

ಕ್ಯಾಲಿಫೋರ್ನಿಯಾದ ಮೂವರು ಗೆಳೆಯರ ತಂಡವೊಂದನ್ನು ಇಟ್ಟುಕೊಳ್ಳೋಣ. ಒಬ್ಬರು ಎಂಜಿನ್ ಕಟ್ಟುವವರು. ಇನ್ನೊಬ್ಬರು ವೆಲ್ಡಿಂಗ್ ಕೆಲಸದವರು. ಮೂರನೆಯವರು ಕಾರು ಓಡಿಸುವಾಕೆ, ಒಳ್ಳೆ ಎತ್ತರದ ಹೆಂಗಸು. ಇದು ಯಾವುದೋ ಒಂದೇ ತಂಡದ ಕಥೆಯಲ್ಲ. ಇಂಥ ಸಣ್ಣ ತಂಡಗಳೆಲ್ಲ ಎದುರಿಸುವ ಪ್ರಶ್ನೆಯನ್ನು ಒಂದೇ ಸನ್ನಿವೇಶದಲ್ಲಿಟ್ಟು ಕೊನೆಯವರೆಗೂ ಲೆಕ್ಕ ಹಾಕಿ ನೋಡುವ ಪ್ರಯತ್ನ.

ಅವರ ಬಳಿ ಒಂದು ಎಂಜಿನ್ ಸಿದ್ಧವಿದೆ. ಷೆವ್ರೊಲೆ ಕಂಪನಿಯ ಸ್ಮಾಲ್ ಬ್ಲಾಕ್ ವಿ8. ಬೋರ್ (ಸಿಲಿಂಡರಿನ ಅಗಲ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 3 ಇಂಚು, ಒಟ್ಟು 302 ಘನ ಇಂಚು. ಸೂಪರ್‌ಚಾರ್ಜರ್ ಇಲ್ಲ, ಟರ್ಬೊ ಇಲ್ಲ, ಇಂಧನ ಪೆಟ್ರೋಲ್. ಡೈನೊ (ಎಂಜಿನ್ ಬಲ ಅಳೆಯುವ ಯಂತ್ರ) ಮೇಲೆ ಸಮುದ್ರ ಮಟ್ಟದ ಲೆಕ್ಕಕ್ಕೆ 450 ಎಚ್‌ಪಿ ಬರುತ್ತದೆ. ಹೋಗಬೇಕಾದ ಜಾಗ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲು, ಕಾರುಗಳು ನೇರ ದಾರಿಯಲ್ಲಿ ವೇಗದ ದಾಖಲೆಗಾಗಿ ಓಡುವ ಜಾಗ. ಕನಸು ಗಂಟೆಗೆ 200 ಮೈಲಿ, ಅಂದರೆ ಸುಮಾರು 322 ಕಿ.ಮೀ. ಇಲ್ಲದಿರುವುದು ಬಾಡಿ ಒಂದೇ.

ಯಾವ ಬಾಡಿ ತರಬೇಕು ಅನ್ನುವುದರಲ್ಲಿ ಮೂವರಿಗೆ ಮೂರು ಅಭಿಪ್ರಾಯ. ಎಂಜಿನ್ ಕಟ್ಟುವವರಿಗೆ 1969ರ ಕಮಾರೊ ಬೇಕು. ಅವರ ವಾದಕ್ಕೂ ಕಾರಣವಿದೆ. ಈ 302 ಎಂಜಿನ್ ಹುಟ್ಟಿದ್ದೇ 1967ರ ಕಮಾರೊ ಝಡ್/28ಗಾಗಿ. ಟ್ರಾನ್ಸ್-ಆಮ್ ರೇಸಿನಲ್ಲಿ 305 ಘನ ಇಂಚಿನ ಮಿತಿ ಇತ್ತು, ಅದರೊಳಗೆ ಕೂರಿಸಲು ಷೆವ್ರೊಲೆ ಇದನ್ನು ಮಾಡಿತು. ವೆಲ್ಡರ್‌ಗೆ 1953ರ ಸ್ಟುಡಿಬೇಕರ್ ಕೂಪ್ (ಟಾಪ್ ಇರುವ ಎರಡು ಬಾಗಿಲಿನ ಕಾರು) ಮೇಲೆ ಮನಸ್ಸು. ಓಡಿಸುವಾಕೆಗೆ 1929ರ ಫೋರ್ಡ್ ರೋಡ್‌ಸ್ಟರ್ ಇಷ್ಟ, ಮೇಲೆ ಟಾಪ್ ಇಲ್ಲದ ಹಳೆಯ ಕಾರು. ಗುಜರಿ ಅಂಗಳದಲ್ಲಿ ಕಡಿಮೆ ಬೆಲೆಗೆ ಸಿಗುವ 1980ರ ದಶಕದ ಪಾಂಟಿಯಾಕ್ ಫೈರ್‌ಬರ್ಡ್ ಹೆಸರನ್ನು ಮೊದಲ ಸಲ ಕೂತಾಗ ಯಾರೂ ಎತ್ತುವುದೇ ಇಲ್ಲ.

ಕೊನೆಗೆ ಅವರು ಆರಿಸುವುದು ಆ ಫೈರ್‌ಬರ್ಡನ್ನೇ. ಅಲ್ಲಿಗೆ ಹೇಗೆ ಬಂದರು ಅನ್ನುವುದೇ ಈ ಪ್ರಕರಣ.

ಮೊದಲು ರೂಲ್ ಬುಕ್

ಉಪ್ಪಿನ ಬಯಲಿನಲ್ಲಿ ಕಾರು ಇನ್ನೊಂದು ಕಾರಿನ ಜೊತೆ ಓಡುವುದಿಲ್ಲ. ಒಂದೊಂದೇ ಓಡುತ್ತದೆ. ಅದರ ಎದುರಾಳಿ ದಾಖಲೆ ಪಟ್ಟಿಯಲ್ಲಿರುವ ಒಂದು ಅಂಕಿ, ಅಷ್ಟೆ. ಪ್ರತಿ ಕ್ಲಾಸಿಗೂ ಆ ಅಂಕಿ ಬೇರೆ.

ಇಲ್ಲಿ ಓಟ ನಡೆಸುವ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್, ಚಿಕ್ಕದಾಗಿ ಎಸ್‌ಸಿಟಿಎ, ಶುರುವಾದದ್ದು 1937ರಲ್ಲಿ. ಬಾನವಿಲ್‌ನಲ್ಲಿ ಮೊದಲ ಸ್ಪೀಡ್ ವೀಕ್ (ವಾರದ ಉದ್ದಕ್ಕೂ ನಡೆಯುವ ವೇಗದ ಓಟ) ನಡೆದದ್ದು 1949ರಲ್ಲಿ. ಅಂದಿನಿಂದ ಬೆಳೆಯುತ್ತಾ ಬಂದ ನಿಯಮಗಳಲ್ಲಿ ಕ್ಲಾಸ್ ಅನ್ನುವುದು ಎರಡು ತುಂಡುಗಳ ಜೋಡಿ: ಒಂದು ಎಂಜಿನ್ ಗಾತ್ರ, ಇನ್ನೊಂದು ಬಾಡಿ. ಎಂಜಿನ್‌ಗಳಲ್ಲಿ ಡಿ ಅಂದರೆ 261ರಿಂದ 305.99 ಘನ ಇಂಚು. ನಮ್ಮ 302 ಅದರ ಮೇಲಿನ ಅಂಚಿನಲ್ಲೇ ಕೂರುತ್ತದೆ, ಆದ್ದರಿಂದ ಎಂಜಿನ್ ವಿಷಯದಲ್ಲಿ ತಕರಾರಿಲ್ಲ. ಇನ್ನು ಬಾಡಿ.

ಸ್ಟ್ರೀಮ್‌ಲೈನರ್ ಮತ್ತು ಲೇಕ್‌ಸ್ಟರ್ ಎರಡನ್ನೂ ಈ ತಂಡ ಬೇಗ ಬಿಟ್ಟುಬಿಡುತ್ತದೆ. ಸ್ಟ್ರೀಮ್‌ಲೈನರ್‌ನಲ್ಲಿ ಚಕ್ರ ಮುಚ್ಚಬಹುದು, ಲೇಕ್‌ಸ್ಟರ್‌ನಲ್ಲಿ ಚಕ್ರ ಹೊರಗೇ ಇರಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿಲ್ ಬರ್ಕ್ ಎಂಬವರು ಯುದ್ಧವಿಮಾನದ ಹೆಚ್ಚುವರಿ ಪೆಟ್ರೋಲ್ ಟ್ಯಾಂಕಿಗೆ ಚಕ್ರ ಕಟ್ಟಿ ಓಡಿಸಿದ್ದೇ ಲೇಕ್‌ಸ್ಟರ್‌ಗಳ ಶುರು. ಎಷ್ಟು ಚಂದದ ಯೋಚನೆ! ಆದರೆ ಇವೆರಡೂ ನೆಲದಿಂದ ಮೇಲಕ್ಕೆ ಎಲ್ಲವನ್ನೂ ಕೈಯಲ್ಲೇ ಕಟ್ಟಬೇಕಾದ ಗಾಡಿಗಳು. ಮೊದಲ ಕಾರಿಗೆ ಅಷ್ಟು ಬೇಡ.

ಉಳಿದವು ರೋಡ್‌ಸ್ಟರ್‌ಗಳು ಮತ್ತು ಕೂಪ್‌ಗಳು. ಕೂಪ್‌ಗಳನ್ನು ಕಾಲದ ಪ್ರಕಾರ ಬೇರೆ ಮಾಡಿದ್ದಾರೆ: 1948ರವರೆಗಿನವು ವಿಂಟೇಜ್, 1949ರಿಂದ 1981ರವರೆಗಿನವು ಕ್ಲಾಸಿಕ್, ಅದರ ನಂತರದವು ಇನ್ನೊಂದು ಗುಂಪು. ಪ್ರತಿ ಗುಂಪಿನೊಳಗೆ ಮತ್ತೆ ಎಷ್ಟು ಬದಲಾವಣೆ ಮಾಡಬಹುದು ಅನ್ನುವುದರ ಮೇಲೆ ಮೆಟ್ಟಿಲುಗಳಿವೆ. ಪ್ರೊಡಕ್ಷನ್ ಅಂದರೆ ಹೆಚ್ಚೂಕಡಿಮೆ ಷೋರೂಮ್ ಕಾರು. ಕಾಂಪಿಟಿಷನ್ ಕೂಪ್ ಅಂದರೆ ಟಾಪ್ ಕತ್ತರಿಸಿ ತಗ್ಗಿಸಬಹುದು, ಮೂತಿಯನ್ನು ಬೇಕಾದ ಹಾಗೆ ಚೂಪು ಮಾಡಬಹುದು. ನಡುವೆ ಗ್ಯಾಸ್ ಕೂಪ್ ಮತ್ತು ಆಲ್ಟರ್ಡ್. ಎಂಜಿನ್ ಬದಲಿಸುವುದು, ಒಳಗಿನ ಕೆಲಸ ಮಾಡುವುದು ಸಾಧ್ಯ, ಆದರೆ ಬಾಡಿಯ ಎತ್ತರ, ಅಗಲ, ಹೊರ ಆಕಾರ ಕಂಪನಿಯಿಂದ ಬಂದ ಹಾಗೇ ಇರಬೇಕು.

ತಂಡ ಈ ನಡುವಿನ ಮೆಟ್ಟಿಲನ್ನು ಆರಿಸುತ್ತದೆ. ಕಾಂಪಿಟಿಷನ್ ಕೂಪ್‌ನಲ್ಲಿ ಸ್ವಾತಂತ್ರ್ಯ ಜಾಸ್ತಿ, ನಿಜ. ಅಲ್ಲಿನ ದಾಖಲೆಗಳೂ ಅಷ್ಟೇ ಮೇಲಿರುತ್ತವೆ, ಅಲ್ವಾ? ಕತ್ತರಿಸುವ ಅವಕಾಶ ಕೊಟ್ಟರೆ ಎದುರಿನವರೂ ಕತ್ತರಿಸುತ್ತಾರೆ.

ಆಕಾರ ಮುಟ್ಟುವಂತಿಲ್ಲ ಎಂದಾದ ಮೇಲೆ ಆಯ್ಕೆಯ ಪ್ರಶ್ನೆಯೇ ಬದಲಾಗುತ್ತದೆ. ಈ ಕಾರನ್ನು ಎಷ್ಟು ಚೆನ್ನಾಗಿ ಮಾಡಬಹುದು ಅಂತ ಕೇಳಿ ಪ್ರಯೋಜನವಿಲ್ಲ. ಇದರಲ್ಲಿ ನನಗೆ ಬದಲಿಸಲಾಗದ ಸಂಗತಿಗಳು ಯಾವುವು, ಅವು ನನ್ನ ಪರವಾಗಿವೆಯೋ ವಿರುದ್ಧವಾಗಿವೆಯೋ ಅಂತ ಕೇಳಬೇಕು. ಎಂಜಿನ್ ಮುಂದಿನ ವರ್ಷ ಇನ್ನಷ್ಟು ಬಲ ಕೊಡಬಹುದು. ಗೇರ್ ಬದಲಿಸಬಹುದು. ಭಾರವನ್ನು ಆ ಕಡೆ ಈ ಕಡೆ ಇಡಬಹುದು. ಮುಂದಿನ ಗಾಜಿನ ಓರೆ ಮಾತ್ರ ಹತ್ತು ವರ್ಷ ಬಿಟ್ಟರೂ ಅಷ್ಟೇ ಇರುತ್ತದೆ. ಬಾಡಿ ಆಯ್ಕೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಮಾತು ಕಾಣುವುದಿಲ್ಲ.

ಗಾಳಿಯ ಲೆಕ್ಕ

ಕಾರಿನ ಬಗ್ಗೆ ಮಾತಾಡುವವರು ಡ್ರ್ಯಾಗ್ ಅಂಕಿಯನ್ನು ಮಾತ್ರ ಹೇಳುತ್ತಾರೆ. 0.33, 0.36, ಹೀಗೆ. ಅದು ಅರ್ಧ ಮಾತು. ಆ ಅಂಕಿ ಆಕಾರ ಎಷ್ಟು ನುಣುಪಾಗಿ ಗಾಳಿಯನ್ನು ಸೀಳುತ್ತದೆ ಅಂತ ಹೇಳುತ್ತದೆ, ಎಷ್ಟು ಗಾಳಿಯನ್ನು ಸೀಳಬೇಕು ಅಂತ ಹೇಳುವುದಿಲ್ಲ. ಅದಕ್ಕೆ ಮುಂದಿನಿಂದ ಕಾಣುವ ವಿಸ್ತೀರ್ಣ ಬೇಕು. ಎರಡನ್ನೂ ಗುಣಿಸಿದಾಗ ಬರುವುದೇ ನಿಜವಾದ ಅಳತೆ.

ವಿಸ್ತೀರ್ಣವನ್ನು ಅಂದಾಜು ಮಾಡಲು ತಂಡ ಒಂದು ಸುಲಭ ದಾರಿ ಹಿಡಿಯುತ್ತದೆ: ಅಗಲವನ್ನು ಎತ್ತರದಿಂದ ಗುಣಿಸಿ, ಅದರಲ್ಲಿ 82% ತೆಗೆದುಕೊಳ್ಳುವುದು. ಫೈರ್‌ಬರ್ಡ್ ಸುಮಾರು 72 ಇಂಚು ಅಗಲ, 50 ಇಂಚಿಗೆ ಸ್ವಲ್ಪ ಕಡಿಮೆ ಎತ್ತರ. ಅಂದರೆ 1.9 ಚದರ ಮೀಟರ್. ಸ್ಟುಡಿಬೇಕರ್ ಅಗಲ ಹೆಚ್ಚೂಕಡಿಮೆ ಅಷ್ಟೇ, ಎತ್ತರ ಸುಮಾರು 56 ಇಂಚು. ಅಂದರೆ 2.1. 1953ರಲ್ಲಿ 56 ಇಂಚು ಅಂದರೆ ತುಂಬಾ ತಗ್ಗಿನ ಕಾರು. ರೇಮಂಡ್ ಲೋವಿ ಸ್ಟುಡಿಯೊದಲ್ಲಿ ರಾಬರ್ಟ್ ಬೋರ್ಕ್ ರೂಪಿಸಿದ ಆ ಕೂಪ್ ತನ್ನ ಕಾಲದ ಕಾರುಗಳ ಪಕ್ಕ ನಿಂತರೆ ಇನ್ನೊಂದು ಲೋಕದ್ದು ಅನ್ನಿಸುತ್ತದೆ. ಬಾನವಿಲ್‌ನಲ್ಲಿ ಇಂದಿಗೂ ಅಷ್ಟೊಂದು ಸ್ಟುಡಿಬೇಕರ್‌ಗಳು ಕಾಣುವುದು ಸುಮ್ನೆ ಅಲ್ಲ.

ಈಗ ಬಲ. ಬಾನವಿಲ್ ಸಮುದ್ರ ಮಟ್ಟದಿಂದ ಸುಮಾರು 4,200 ಅಡಿ ಮೇಲಿದೆ. ಆಗಸ್ಟ್ ಬಿಸಿಲಲ್ಲಿ ಅಲ್ಲಿನ ಗಾಳಿ ಇನ್ನೂ ತೆಳು. ಒಂದು ಘನ ಮೀಟರ್ ಗಾಳಿ 1 ಕೆ.ಜಿ. ತೂಗುತ್ತದೆ ಎಂದು ತಂಡ ಇಟ್ಟುಕೊಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಅದು 1.225. ಟರ್ಬೊ ಇಲ್ಲದ ಎಂಜಿನ್ ಈ ತೆಳು ಗಾಳಿಯಲ್ಲಿ ಅಷ್ಟೇ ಪಾಲು ಬಲ ಕಳೆದುಕೊಳ್ಳುತ್ತದೆ. 450 ಎಚ್‌ಪಿ ಇದ್ದದ್ದು 367ಕ್ಕೆ ಇಳಿಯುತ್ತದೆ. ಗೇರ್‌ಬಾಕ್ಸ್, ಆಕ್ಸಲ್‌ಗಳಲ್ಲಿ ಒಂದಿಷ್ಟು ಹೋಗಿ ಚಕ್ರಕ್ಕೆ ಸಿಗುವುದು 320. ಗಾಳಿಯ ತಡೆಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ ಅನ್ನುವುದೊಂದು ಸಮಾಧಾನ.

ಕಾರಿನ ತೂಕ 1,800 ಕೆ.ಜಿ. ಎಂದು ಹಿಡಿದು, ಉಪ್ಪಿನ ಮೇಲೆ ಚಕ್ರ ಉರುಳಲು 50 ಕೆ.ಜಿ.ಯಷ್ಟು ಬಲ ಬೇಕು ಎಂದು ಅಂದಾಜು ಮಾಡುತ್ತಾರೆ. ಡ್ರ್ಯಾಗ್ ಅಂಕಿ ಫೈರ್‌ಬರ್ಡ್‌ಗೆ 0.33, ಸ್ಟುಡಿಬೇಕರ್‌ಗೆ 0.36ರ ಹತ್ತಿರ, 1969ರ ಕಮಾರೊಗೆ 0.45. ಹಳೆಯ ಎರಡು ಕಾರುಗಳ ಅಂಕಿಗಳು ತಂಡದ ಊಹೆ, ಗಾಳಿ ಸುರಂಗದಲ್ಲಿ ಅಳೆದವಲ್ಲ. ಸ್ಟುಡಿಬೇಕರ್‌ಗೆ ಸ್ವಲ್ಪ ಉದಾರವಾಗಿಯೇ ಹಾಕಿದ್ದಾರೆ, ವೆಲ್ಡರ್ ಮುಖ ನೋಡಿ. ಉತ್ತರ ಹೀಗೆ ಬರುತ್ತದೆ: ಅದೇ 320 ಎಚ್‌ಪಿಗೆ ಕಮಾರೊ ಗಂಟೆಗೆ 171 ಮೈಲಿ, ಸ್ಟುಡಿಬೇಕರ್ 181, ಫೈರ್‌ಬರ್ಡ್ 191.

ಹತ್ತು ಮೈಲಿ ಏನು ಮಹಾ ಅನ್ನಿಸಬಹುದು. ಅದೇ ಲೆಕ್ಕವನ್ನು ತಿರುಗಿಸಿ ನೋಡಬೇಕು. ಗಾಳಿಯನ್ನು ಸೀಳಲು ಬೇಕಾಗುವ ಎಚ್‌ಪಿ ವೇಗದ ಘನದಂತೆ ಏರುತ್ತದೆ. ವೇಗ 10% ಏರಿದರೆ ಅದಕ್ಕೆ ಬೇಕಾದ ಎಚ್‌ಪಿ 33% ಏರುತ್ತದೆ. ಹಾಗಾಗಿ 200 ಮೈಲಿ ಮುಟ್ಟಲು ಫೈರ್‌ಬರ್ಡ್‌ಗೆ ಚಕ್ರದಲ್ಲಿ 362 ಎಚ್‌ಪಿ ಬೇಕು, ಡೈನೊ ಲೆಕ್ಕದಲ್ಲಿ ಸುಮಾರು 508. ಸ್ಟುಡಿಬೇಕರ್‌ಗೆ ಚಕ್ರದಲ್ಲಿ 419, ಡೈನೊ ಲೆಕ್ಕದಲ್ಲಿ ಸುಮಾರು 588.

ಎಂಜಿನ್ ಕಟ್ಟುವವರು ಮಾತು ನಿಲ್ಲಿಸುವುದು ಇಲ್ಲೇ. ಸೂಪರ್‌ಚಾರ್ಜರ್ ಇಲ್ಲದೆ ಪೆಟ್ರೋಲಿನಲ್ಲಿ 302 ಘನ ಇಂಚಿನಿಂದ 508 ತೆಗೆಯುವುದು ಕಷ್ಟ, ಆದರೂ ದಾರಿ ಕಾಣುತ್ತದೆ. ಒಳ್ಳೆಯ ಹೆಡ್, ಒಳ್ಳೆಯ ಕ್ಯಾಮ್, ಜಾಸ್ತಿ ಆರ್‌ಪಿಎಂ. 588 ಅಂದರೆ ಬೇರೆಯದೇ ಎಂಜಿನ್, ಬೇರೆಯದೇ ಖರ್ಚು, ಓಟಕ್ಕೊಮ್ಮೆ ಬಿಚ್ಚಿ ನೋಡಬೇಕಾದ ಎಂಜಿನ್. ನಡುವಿನ 80 ಎಚ್‌ಪಿಯನ್ನು ಬಾಡಿಯ ರೂಪದಲ್ಲೇ ಕೊಂಡುಕೊಳ್ಳಬಹುದು ಅಂತಾದರೆ ಯಾಕೆ ಕೊಳ್ಳಬಾರದು?

ಕಮಾರೊ ಇಲ್ಲಿಗೆ ಪಟ್ಟಿಯಿಂದ ಹೊರಗೆ. ಎಂಜಿನ್ ಎಲ್ಲಿ ಹುಟ್ಟಿತು ಅನ್ನುವುದು ಗಾಳಿಗೆ ಗೊತ್ತಿಲ್ಲ. ನೇರ ನಿಂತ ಮೂತಿ, ಗುಳಿ ಬಿದ್ದ ಗ್ರಿಲ್, ಬಾನೆಟ್ ಮುಗಿದಲ್ಲಿ ಎದ್ದು ನಿಂತ ಗಾಜು. ಇವೆಲ್ಲ ಬದಲಿಸಲಾಗದ ಪಟ್ಟಿಯಲ್ಲಿವೆ.

ರೋಡ್‌ಸ್ಟರ್‌ನ ಮಾತು ಬೇರೆ

1929ರ ಫೋರ್ಡ್ ಗಾಳಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಹಿಂದೆ. ಚಕ್ರಗಳು ಹೊರಗೆ, ಕಾಕ್‌ಪಿಟ್ ತೆರೆದದ್ದು. ಆದರೆ ಅದರ ಕ್ಲಾಸಿನ ಪ್ರತಿ ಕಾರೂ ಅದೇ ಗೋಡೆಯನ್ನು ತಳ್ಳುತ್ತಿರುತ್ತದೆ. ಆದ್ದರಿಂದ ರೋಡ್‌ಸ್ಟರನ್ನು ಕೂಪ್ ಜೊತೆ ಹೋಲಿಸುವುದೇ ತಪ್ಪು. ದಾಖಲೆಯೇ ಗುರಿಯಾದವರಿಗೆ ಅದು ನ್ಯಾಯವಾದ ಆಯ್ಕೆ. ಬಾಡಿ ಚಿಕ್ಕದು, ಫೈಬರ್‌ಗ್ಲಾಸ್‌ನಲ್ಲೂ ಸಿಗುತ್ತದೆ, ಕೆಳಗಿನ ಫ್ರೇಮ್ ಕೈಗೆ ಸುಲಭವಾಗಿ ಎಟುಕುತ್ತದೆ.

ಈ ತಂಡದ ಗುರಿ 200 ಅನ್ನುವ ಅಂಕಿ. ಅದಕ್ಕೂ ಕಾರಣವಿದೆ. ಬಾನವಿಲ್ 200 ಎಂಪಿಎಚ್ ಕ್ಲಬ್ಬಿನ ಕೆಂಪು ಟೋಪಿ ತಲೆಗೇರಬೇಕಾದರೆ 200 ದಾಟಿ ದಾಖಲೆಯನ್ನೂ ಮುರಿಯಬೇಕು, ಒಂದು ಸಲ ಆ ವೇಗ ಮುಟ್ಟಿದರೆ ಸಾಲದು. ಡಿ ಎಂಜಿನ್ ಇಟ್ಟುಕೊಂಡು ರೋಡ್‌ಸ್ಟರ್‌ನಲ್ಲಿ ಅಲ್ಲಿಗೆ ಹೋಗಲು ಈಗಿನ ಬಲ ಎಲ್ಲಿಗೂ ಸಾಲದು. ಓಡಿಸುವಾಕೆ ಅದನ್ನು ಬೇಸರದಿಂದಲೇ ಬಿಡುತ್ತಾರೆ. ಆ ಬೇಸರ ನನಗೆ ಅರ್ಥವಾಗುತ್ತದೆ. ಉಪ್ಪಿನ ಬಯಲಿನಲ್ಲಿ ಹೈಬಾಯ್ (ಮಡ್‌ಗಾರ್ಡ್ ತೆಗೆದು, ಬಾಡಿಯನ್ನು ಫ್ರೇಮಿನ ಮೇಲೇ ಕೂರಿಸಿದ) ರೋಡ್‌ಸ್ಟರ್ ಓಡುವುದಕ್ಕಿಂತ ಚಂದದ ನೋಟ ಕಡಿಮೆ.

ನೇರ ಹೋಗುವ ಗುಣ

ಹೀಗೆ ಉಳಿದದ್ದು ಎರಡು. ಗಾಳಿಯ ಲೆಕ್ಕದಲ್ಲಿ ಫೈರ್‌ಬರ್ಡ್ ಮುಂದಿದೆ. ವೆಲ್ಡರ್ ಮಾತ್ರ ಇನ್ನೂ ಸೋಲೊಪ್ಪಿಲ್ಲ. ಅವರ ಹತ್ತಿರ ಗಟ್ಟಿಯಾದ ಒಂದು ವಾದವಿದೆ: ವೀಲ್‌ಬೇಸ್. 1953ರ ಸ್ಟುಡಿಬೇಕರ್ ಕೂಪ್‌ನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 120.5 ಇಂಚು. ಫೈರ್‌ಬರ್ಡ್‌ನಲ್ಲಿ 101 ಇಂಚು. ಉದ್ದದ ಕಾರು ನಿಧಾನವಾಗಿ ತಿರುಗುತ್ತದೆ, ಅಂದರೆ ಹಿಂಭಾಗ ಸರಿದಾಗ ಸರಿಪಡಿಸಲು ಕೈಗೆ ಸಮಯ ಸಿಗುತ್ತದೆ. ಉಪ್ಪಿನ ಮೇಲೆ ಹಿಡಿತ ಡಾಂಬರಿಗಿಂತ ಕಡಿಮೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ.

ವೀಲ್‌ಬೇಸ್ ಬದಲಿಸಲಾಗದ ಸಂಗತಿ. ಹಾಗಾದರೆ ತಂಡದ ಸ್ವಂತ ನಿಯಮದ ಪ್ರಕಾರವೇ ಫೈರ್‌ಬರ್ಡ್ ಸೋಲಬೇಕಲ್ಲವೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾರು ನೇರ ಹೋಗುವುದಕ್ಕೆ ವೀಲ್‌ಬೇಸ್ ಒಂದೇ ಕಾರಣವಲ್ಲ. ಇನ್ನೆರಡು ಬಿಂದುಗಳಿವೆ. ಒಂದು, ಕಾರಿನ ಭಾರವೆಲ್ಲ ಕೂಡುವ ಜಾಗ. ಎರಡು, ಪಕ್ಕದಿಂದ ಬಡಿದ ಗಾಳಿಯ ಒತ್ತಡವೆಲ್ಲ ಕೂಡುವ ಜಾಗ. ಗಾಳಿಯ ಬಿಂದು ಭಾರದ ಬಿಂದುವಿಗಿಂತ ಹಿಂದಿದ್ದರೆ, ಕಾರು ಸ್ವಲ್ಪ ಓರೆಯಾದರೂ ಗಾಳಿಯೇ ಬಾಲವನ್ನು ತಳ್ಳಿ ನೇರ ಮಾಡುತ್ತದೆ. ಬಾಣದ ಹಿಂದೆ ಗರಿ ಕಟ್ಟುವುದು ಇದಕ್ಕೇ. ಗಾಳಿಯ ಬಿಂದು ಮುಂದಿದ್ದರೆ ಅದೇ ಗಾಳಿ ಓರೆಯನ್ನು ಇನ್ನೂ ಜಾಸ್ತಿ ಮಾಡುತ್ತದೆ, ಕಾರು ಸುತ್ತುತ್ತದೆ.

ಗಾಳಿಯ ಬಿಂದು ಬಾಡಿಯ ಆಕಾರದ ಜೊತೆ ಬರುತ್ತದೆ. ಸ್ಪಾಯ್ಲರ್ (ಕಾರಿನ ಹಿಂದೆ ಗಾಳಿಗೆ ಅಡ್ಡ ನಿಲ್ಲುವ ಪಟ್ಟಿ) ಹಾಕಿ ಅಲ್ಪಸ್ವಲ್ಪ ಹಿಂದೆ ತಳ್ಳಬಹುದು, ಅಷ್ಟೆ. ಆದರೆ ಭಾರದ ಬಿಂದು ನಮ್ಮ ಕೈಯಲ್ಲಿದೆ. ಲ್ಯಾಂಡ್ ಸ್ಪೀಡ್ ಕಾರಿಗೆ ಸೀಸದ ಗಟ್ಟಿಗಳನ್ನು ಹಾಕುವುದು ಮಾಮೂಲಿ ಕೆಲಸ. ಬೇರೆ ರೇಸಿನವರು ಕೇಳಿದರೆ ಬೆಚ್ಚಿಬೀಳಬಹುದು. ಬಾನವಿಲ್‌ನ ಲಾಂಗ್ ಕೋರ್ಸ್ 5 ಮೈಲಿ, ವೇಗ ಹತ್ತಿಸಲು ಬೇಕಾದಷ್ಟು ದೂರವಿದೆ. ಭಾರ ಜಾಸ್ತಿಯಾದರೆ ವೇಗ ಏರುವುದು ನಿಧಾನವಾಗುತ್ತದೆ, ಕೊನೆಯ ವೇಗದಲ್ಲಿ ಹೋಗುವುದು ಸ್ವಲ್ಪವೇ. ಬದಲಿಗೆ ಹಿಡಿತ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಎಲ್ ಮಿರಾಜ್ ಒಣಕೆರೆಯಲ್ಲಿ ಹೀಗಲ್ಲ. ಅಲ್ಲಿ ಇರುವುದೇ 1.3 ಮೈಲಿ, ಹೆಚ್ಚುವರಿ ಸೀಸ ಅಲ್ಲಿ ನೇರವಾಗಿ ವೇಗವನ್ನು ತಿನ್ನುತ್ತದೆ. ತಂಡ ಬಾನವಿಲ್‌ಗೆ ಕಟ್ಟುತ್ತಿರುವುದರಿಂದ ಸೀಸವನ್ನು ಧೈರ್ಯವಾಗಿ ಹಾಕಬಹುದು.

ಎಲ್ಲಿ ಹಾಕಬೇಕು ಅನ್ನುವುದರಲ್ಲಿ ಒಂದು ಜಗ್ಗಾಟವಿದೆ. 200 ಮೈಲಿ ವೇಗದಲ್ಲಿ ಈ ಕಾರನ್ನು ಮುಂದೆ ತಳ್ಳಲು ಹಿಂದಿನ ಚಕ್ರಗಳು ಸುಮಾರು 3,000 ನ್ಯೂಟನ್ ಬಲವನ್ನು ಉಪ್ಪಿಗೆ ಕೊಡಬೇಕು. ಹಿಂದಿನ ಚಕ್ರಗಳ ಮೇಲೆ 900 ಕೆ.ಜಿ. ಇದ್ದರೆ ಅದು ಆ ಭಾರದ ಮೂರನೇ ಒಂದು ಪಾಲು. ಒಣ ಉಪ್ಪಿನಲ್ಲಿ ನಡೆಯುತ್ತದೆ. ಆದರೆ ಇಳಿಜಾರು ಗಾಜಿನ ಮೇಲೆ ಹರಿಯುವ ಗಾಳಿ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತಿರುತ್ತದೆ, ಹಿಡಿತ ಅಷ್ಟಷ್ಟು ಕಡಿಮೆಯಾಗುತ್ತದೆ. ಹಿಂದೆ ಸೀಸ ತುಂಬೋಣ ಅಂದರೆ ಭಾರದ ಬಿಂದು ಹಿಂದೆ ಸರಿದು ಬಾಣದ ಗುಣ ಹಾಳಾಗುತ್ತದೆ. ಮುಂದೆ ತುಂಬಿದರೆ ನೇರ ಹೋಗುತ್ತದೆ, ಆದರೆ ಹಿಂದಿನ ಚಕ್ರ ಸುಮ್ನೆ ತಿರುಗಲು ಶುರುಮಾಡುತ್ತದೆ. ತಂಡ ಸೀಸವನ್ನು ಎರಡೂ ತುದಿಗೆ ಹಂಚಲು, ಬೋಲ್ಟ್ ಬಿಚ್ಚಿ ಜಾಗ ಬದಲಿಸುವ ಹಾಗೆ ಪೆಟ್ಟಿಗೆ ಮಾಡಲು ತೀರ್ಮಾನಿಸುತ್ತದೆ. ಹಿಂದಿನ ಎತ್ತುವಿಕೆಗೆ ಉತ್ತರ ಸ್ಪಾಯ್ಲರ್, ಸೀಸವಲ್ಲ.

ಈ ಲೆಕ್ಕವಾದ ಮೇಲೆ 101 ಇಂಚು ಒಂದು ದೌರ್ಬಲ್ಯವಾಗಿಯೇ ಉಳಿಯುತ್ತದೆ, ಆದರೆ ಅದರ ಪರಿಣಾಮವನ್ನು ಬದಲಿಸಬಹುದಾದ ಸಂಗತಿಗಳಿಂದ ತಗ್ಗಿಸಬಹುದು. ಸ್ಟುಡಿಬೇಕರ್‌ನ ಆರು ಇಂಚು ಹೆಚ್ಚಿನ ಎತ್ತರವನ್ನು ಯಾವುದರಿಂದಲೂ ತಗ್ಗಿಸಲಾಗದು. ನನ್ನ ಮಟ್ಟಿಗೆ ತೀರ್ಪು ಬೀಳುವುದು ಇಲ್ಲೇ. ಇದರ ಜೊತೆಗೆ 1953ರ ಸ್ಟುಡಿಬೇಕರ್ ಫ್ರೇಮ್ ಬಳುಕುವುದಕ್ಕೆ ಹೆಸರಾದದ್ದು. ಅದರ ಕೆಳಗೆ ಹೊಸ ಚಾಸಿಯನ್ನೇ ಕಟ್ಟಬೇಕಾಗುತ್ತದೆ. ವೆಲ್ಡರ್‌ಗೆ ಅದು ಖುಷಿಯ ಕೆಲಸವೇ ಇರಬಹುದು, ಆದರೆ ಕಾರು ಉಪ್ಪಿಗಿಳಿಯುವುದು ಇನ್ನೂ ದೂರ ಹೋಗುತ್ತದೆ. ಫೈರ್‌ಬರ್ಡ್ ಕಾರ್ಖಾನೆಯಿಂದಲೇ ಷೆವ್ರೊಲೆಯ 305 ವಿ8 ಹಾಕಿಕೊಂಡೂ ಬಂದ ಕಾರು. ಅದೇ ಸ್ಮಾಲ್ ಬ್ಲಾಕ್ ಕುಟುಂಬ. 302 ಅದೇ ಮೌಂಟಿನ ಮೇಲೆ ಕೂರುತ್ತದೆ.

ಅಂಗಳದಲ್ಲಿ ಸರಿಯಾದ ಫೈರ್‌ಬರ್ಡ್ ಹುಡುಕುವುದು

1982ರಿಂದ 1992ರವರೆಗಿನ ಫೈರ್‌ಬರ್ಡ್ ಮತ್ತು ಕಮಾರೊ ಒಳಗೆ ಒಂದೇ ಕಾರು. ಎರಡಕ್ಕೂ ಮುಂದಿನ ಗಾಜಿನ ಓರೆ 62 ಡಿಗ್ರಿ. ವ್ಯತ್ಯಾಸ ಮೂತಿಯಲ್ಲಿ. ಕಮಾರೊದ ಹೆಡ್‌ಲೈಟ್‌ಗಳು ಗುಳಿಯೊಳಗೆ ಕೂತಿವೆ. ಫೈರ್‌ಬರ್ಡ್‌ನವು ಬೇಕಾದಾಗ ಮೇಲೇಳುವ ಬಗೆ, ಮುಚ್ಚಿದಾಗ ಬಾನೆಟ್ ಜೊತೆ ಸಮವಾಗುತ್ತವೆ. ಗ್ರಿಲ್ ಅನ್ನುವುದೂ ಇಲ್ಲ. ರೇಡಿಯೇಟರ್‌ಗೆ ಗಾಳಿ ಬರುವುದು ಮೂತಿಯ ಕೆಳಗಿನಿಂದ. ಕೆಲವೇ ನಿಮಿಷಗಳ ಓಟಕ್ಕೆ ರೇಡಿಯೇಟರ್ ಬದಲು ಒಂದು ನೀರಿನ ಟ್ಯಾಂಕ್ ಇಟ್ಟರೆ ಆ ದಾರಿಯ ಅಗತ್ಯವೂ ಇರುವುದಿಲ್ಲ. ಹಾಗಾಗಿ ಒಂದೇ ಬೆಲೆಗೆ ಎರಡೂ ಸಿಕ್ಕರೆ ಫೈರ್‌ಬರ್ಡ್.

ಆದರೆ ಯಾವುದೋ ಒಂದು ಫೈರ್‌ಬರ್ಡ್ ಸಾಲದು. ಅಂಗಳದಲ್ಲಿ ಸಿಗುವ ಎಷ್ಟೋ ಕಾರುಗಳು ಟಿ-ಟಾಪ್ ಆಗಿರುತ್ತವೆ, ಅಂದರೆ ಟಾಪಿನ ಎರಡು ಗಾಜಿನ ಹಲಗೆಗಳನ್ನು ಬಿಚ್ಚಿ ತೆಗೆಯಬಹುದು. ರಸ್ತೆಯಲ್ಲಿ ಅದೊಂದು ಸುಖ. ಉಪ್ಪಿನ ಮೇಲೆ ಟಾಪಿನ ಮೇಲಿನ ಗಾಳಿ ಆ ಹಲಗೆಗಳನ್ನು ಹೊರಕ್ಕೆ ಎಳೆಯುತ್ತಿರುತ್ತದೆ. ಟಾಪ್ ಕತ್ತರಿಸಿದ ಬಾಡಿ ತಿರುಚುವುದೂ ಜಾಸ್ತಿ. ಟಾಪ್ ಪೂರ್ತಿ ಉಕ್ಕಿನದಾಗಿರುವ ಕಾರು ಸಿಗುವವರೆಗೆ ಕಾಯಬೇಕು. ಬೆಲೆ ಸ್ವಲ್ಪ ಜಾಸ್ತಿಯಾದರೂ ಸರಿ.

ಎರಡನೆಯದು ತುಕ್ಕು. ಇದು ಬೇರೆ ಚಾಸಿ ಇಲ್ಲದ ಬಾಡಿ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ ಭಾಗಗಳೇ ಬಲ. ರೋಲ್ ಕೇಜ್‌ನ (ಕಾರು ಉರುಳಿದರೆ ಓಡಿಸುವವರನ್ನು ಕಾಯುವ ಪಂಜರದ) ಪೈಪುಗಳನ್ನು ಬೆಸೆಯುವುದೂ ಅಲ್ಲಿಗೇ. ಅಲ್ಲಿ ತುಕ್ಕಿದ್ದರೆ ಬೇರೆ ಕಾರು ನೋಡಬೇಕು, ಬಣ್ಣ ಎಷ್ಟೇ ಹೊಳೆಯುತ್ತಿರಲಿ. ಮುಂದೆ ಅದೇ ಪೆಟ್ಟಿಗೆಗಳೊಳಗೆ ಒದ್ದೆ ಉಪ್ಪು ನುಗ್ಗಿ ಕೂರುತ್ತದೆ. ಕಟ್ಟುವಾಗಲೇ ತೊಳೆಯಲು ತೂತುಗಳನ್ನು ಬಿಟ್ಟಿರಬೇಕು.

ಮೂರನೆಯದು ಓಡಿಸುವಾಕೆಯ ತಲೆ. ಇದನ್ನು ಎಷ್ಟೋ ತಂಡಗಳು ಕೊನೆಗೆ ಬಿಡುತ್ತವೆ, ಮೊದಲೇ ಮಾಡಬೇಕಾದದ್ದು. 50 ಇಂಚಿನ ಟಾಪ್ ಗಾಳಿಗೆ ಒಳ್ಳೆಯದು, ಎತ್ತರದವರಿಗಲ್ಲ. ತಂಡ ಕಾರಿಗೆ ದುಡ್ಡು ಕೊಡುವ ಮೊದಲು ಅಂಗಳದವರನ್ನು ಕೇಳಿ ಸೀಟು ಬಿಚ್ಚುತ್ತದೆ. ನೆಲದ ಮೇಲೆ ಒಂದು ಹಲಗೆ ಇಟ್ಟು ಓಡಿಸುವಾಕೆ ಹೆಲ್ಮೆಟ್ ಹಾಕಿ ಕೂರುತ್ತಾರೆ. ವೆಲ್ಡರ್ ಎರಡು ಪೊರಕೆ ಕೋಲುಗಳನ್ನು ಕೇಜ್ ಪೈಪ್ ಬರುವ ಜಾಗದಲ್ಲಿ ಟೇಪಿನಿಂದ ಅಂಟಿಸುತ್ತಾರೆ, ಒಂದು ತಲೆಯ ಮೇಲೆ, ಒಂದು ಎಡ ಕಿವಿಯ ಪಕ್ಕ. ಮೊದಲ ಸಲ ಹೆಲ್ಮೆಟ್ ಕೋಲಿಗೆ ತಾಗುತ್ತದೆ. ಹಲಗೆ ತೆಗೆದು ನೆಲದ ಮೇಲೇ ಕೂತು ಬೆನ್ನನ್ನು ಹಿಂದಕ್ಕೆ ಒರಗಿಸಿದಾಗ ನಡುವೆ ಕೈಯಗಲ ಜಾಗ ಸಿಗುತ್ತದೆ. ಈಗ ಇನ್ನೊಂದು ಪರೀಕ್ಷೆ: ಹಾಗೆ ಒರಗಿ ಕೂತಾಗ ಬಾನೆಟ್ ದಾಟಿ ದೂರದ ನೆಲ ಕಾಣುತ್ತದೆಯೇ? ಎರಡೂ ತೋಳು ಪ್ಯಾರಾಚೂಟ್ ಹಿಡಿಕೆಗೆ ಮತ್ತು ಬೆಂಕಿ ಆರಿಸುವ ಹಿಡಿಕೆಗೆ ಮುಟ್ಟುತ್ತವೆಯೇ? ಬೆಲ್ಟ್ ಬಿಚ್ಚಿ ಕಿಟಕಿಯ ಬಲೆ ಇಳಿಸಿ ತಾನಾಗಿಯೇ ಹೊರಗೆ ಬರಲಾಗುತ್ತದೆಯೇ? ಇದರಲ್ಲಿ ಒಂದಕ್ಕೆ ಇಲ್ಲ ಅನ್ನುವ ಉತ್ತರ ಬಂದಿದ್ದರೂ 80 ಎಚ್‌ಪಿ ಲೆಕ್ಕವನ್ನು ಬದಿಗಿಟ್ಟು ಸ್ಟುಡಿಬೇಕರ್ ಕಡೆ ಹೋಗಬೇಕಾಗಿತ್ತು. ಇದರಲ್ಲಿ ನನ್ನ ಕಡೆಯಿಂದ ರಾಜಿ ಇಲ್ಲ.

ಬಾಡಿ ಬಂದ ಮೇಲೆ

ಆಕಾರ ಮುಟ್ಟಬಾರದು ಅಂದರೆ ಬಾಡಿಗೆ ಏನೂ ಮಾಡಬಾರದು ಅಂತಲ್ಲ. ಅದು ತನ್ನ ಆಕಾರದಲ್ಲೇ ಉಳಿಯುವ ಹಾಗೆ ಮಾಡುವುದೇ ದೊಡ್ಡ ಕೆಲಸ.

ಫೈರ್‌ಬರ್ಡ್‌ನ ಮೂತಿ ಮೆತ್ತನೆಯ ಯುರಿಥೇನ್ ಹೊದಿಕೆ. ಪಾರ್ಕಿಂಗ್‌ನಲ್ಲಿ ತಾಗಿದರೆ ಒಳಹೋಗಿ ಹೊರಬರಲಿ ಅಂತ ಮಾಡಿದ್ದು. 180 ಮೈಲಿ ವೇಗದಲ್ಲಿ ಗಾಳಿಯೇ ಅದನ್ನು ಒಳಗೆ ತಳ್ಳುತ್ತದೆ. ಮೂತಿ ಗುಳಿಬಿದ್ದರೆ ಲೆಕ್ಕದ 0.33 ಎಲ್ಲಿ ಉಳಿಯಿತು? ಹೊದಿಕೆಯ ಹಿಂದೆ ಅಲ್ಯೂಮಿನಿಯಂ ಪಟ್ಟಿಗಳ ಪಂಜರ ಕಟ್ಟಿ ಅದನ್ನು ಬಿಗಿಯಬೇಕು. ಪಕ್ಕದ ಕಿಟಕಿಗಳಲ್ಲಿ ಇದರ ಉಲ್ಟಾ. ಅಲ್ಲಿ ಹೊರಗಿನ ಒತ್ತಡ ಕಡಿಮೆ, ಪಾಲಿಕಾರ್ಬೊನೇಟ್ ಹಾಳೆ ಹೊರಕ್ಕೆ ಉಬ್ಬುತ್ತದೆ. ಅದಕ್ಕೆ ಲೋಹದ ಪಟ್ಟಿ ಹಾಕಿ ಬೋಲ್ಟ್ ಮಾಡಬೇಕು. ಹಿಂದಿನ ದೊಡ್ಡ ಹ್ಯಾಚ್ ಗಾಜಿಗೂ ಅದೇ ಚಿಂತೆ. ಮೇಲೇಳುವ ಹೆಡ್‌ಲೈಟ್‌ಗಳನ್ನು ಮೋಟಾರ್ ತೆಗೆದು ಮುಚ್ಚಿದ ಸ್ಥಿತಿಯಲ್ಲೇ ಬಿಗಿಯಬೇಕು. ಇವೆಲ್ಲ ಯಾವ ರೀತಿ ಮಾಡಬಹುದು ಅನ್ನುವುದನ್ನು ಆ ವರ್ಷದ ರೂಲ್ ಬುಕ್ ನೋಡಿಯೇ ಮಾಡಬೇಕು, ಯಾಕೆಂದರೆ ಪಠ್ಯ ಬದಲಾಗುತ್ತಿರುತ್ತದೆ. ಕಾರು ಕಟ್ಟುವ ಮೊದಲೇ ಇನ್‌ಸ್ಪೆಕ್ಟರ್ ಒಬ್ಬರಿಗೆ ಚಿತ್ರ ತೋರಿಸಿ ಕೇಳುವ ತಂಡ ಆಮೇಲೆ ಉಪ್ಪಿನ ಮೇಲೆ ನಿಂತು ಕಟರ್ ಹಿಡಿಯಬೇಕಾಗುವುದಿಲ್ಲ.

ವೇಗಕ್ಕೂ ಒಮ್ಮೆಗೇ ಹೋಗುವಂತಿಲ್ಲ. ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ. ಮೊದಲು 125ರ ಕೆಳಗೆ, ಆಮೇಲೆ 150ರ ಕೆಳಗೆ, ಹಾಗೇ 175, 200. ಈ ಪ್ರಕರಣದಲ್ಲಿ ಅದು ತಂಡಕ್ಕೆ ಒಳ್ಳೆಯದೇ ಮಾಡುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ನಿಂತು ಮೂತಿ ಒಳಗೆ ಹೋಗಿದೆಯೇ, ಕಿಟಕಿ ಅಲುಗಾಡಿದೆಯೇ, ಹಿಂದಿನ ಚಕ್ರ ಜಾರಿದ ಗುರುತಿದೆಯೇ ಅಂತ ನೋಡಿಕೊಂಡು ಸೀಸದ ಜಾಗ ಬದಲಿಸಬಹುದು. 191ರ ಲೆಕ್ಕ ಸರಿಯೋ ತಪ್ಪೋ ಅನ್ನುವುದೂ 200ರ ಮೊದಲೇ ಗೊತ್ತಾಗುತ್ತದೆ. 150ರ ಓಟದಲ್ಲಿ ಎಂಜಿನ್ನಿನ ಥ್ರಾಟಲ್ ಎಷ್ಟು ತೆರೆದಿತ್ತು ಅನ್ನುವ ದಾಖಲೆಯಿಂದ ಗಾಳಿಯ ತಡೆಯನ್ನು ತಿರುಗಿ ಲೆಕ್ಕ ಹಾಕಬಹುದು. ಊಹೆಯ ಅಂಕಿಗಳ ಜಾಗಕ್ಕೆ ನಿಜವಾದ ಅಂಕಿ ಬರುವುದು ಆವಾಗ.

ಬಾನವಿಲ್‌ನಲ್ಲಿ ದಾಖಲೆ ಮಾಡಲು ಎರಡು ಓಟ ಬೇಕು. ಮೊದಲ ದಿನ ದಾಖಲೆಗಿಂತ ಜಾಸ್ತಿ ಓಡಿದ ಕಾರು ಓಟ ನಡೆಸುವವರ ಕಾವಲಿನ ಅಂಗಳಕ್ಕೆ, ಅಂದರೆ ಇಂಪೌಂಡ್‌ಗೆ ಹೋಗುತ್ತದೆ. ಅಲ್ಲಿ ಕೆಲಸಕ್ಕೆ 4 ಗಂಟೆ ಸಮಯ. ಮರುದಿನ ಬೆಳಿಗ್ಗೆ ಮತ್ತೆ ಓಟ. ಎರಡರ ಸರಾಸರಿಯೇ ದಾಖಲೆ. ಬಾಡಿ ಆರಿಸುವಾಗ ತಂಡ ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಮಿತಿ ಮೀರಿ ಹಿಂಡಿದ ಎಂಜಿನ್ ಒಂದು ಓಟ ಓಡಬಹುದು, ಎರಡನೆಯದಕ್ಕೆ ಉಳಿಯಬೇಕಲ್ಲ. 508 ಕೊಡುವ ಎಂಜಿನ್ ಉಳಿಯುವ ಸಾಧ್ಯತೆ 588 ಕೊಡುವುದಕ್ಕಿಂತ ತುಂಬಾ ಜಾಸ್ತಿ.

ಒಂದು ವಿಷಯ ಮಾತ್ರ ಯಾವ ಬಾಡಿಯ ಕೈಯಲ್ಲೂ ಇಲ್ಲ. 2014ರಲ್ಲಿ, 2015ರಲ್ಲಿ, ಮತ್ತೆ 2022ರಲ್ಲಿ ಬಯಲಿನ ಸ್ಥಿತಿ ಸರಿಯಿಲ್ಲದೆ ಸ್ಪೀಡ್ ವೀಕ್ ರದ್ದಾಯಿತು. ವರ್ಷವಿಡೀ ದುಡಿದ ತಂಡಗಳು ಹಾಗೇ ಉಳಿದವು. ಬೇಗ ಮುಗಿಯುವ ಬಾಡಿಯನ್ನು ಆರಿಸಲು ನನಗೆ ಇದೂ ಒಂದು ಗಟ್ಟಿ ಕಾರಣ. ಉಪ್ಪು ಚೆನ್ನಾಗಿರುವ ವರ್ಷ ಕಾರು ಇನ್ನೂ ಗ್ಯಾರೇಜಿನ ಸ್ಟ್ಯಾಂಡ್ ಮೇಲಿರಬಾರದು.

ವೆಲ್ಡರ್ ಈಗಲೂ ಸ್ಟುಡಿಬೇಕರ್ ಹುಡುಕುವುದನ್ನು ಬಿಟ್ಟಿಲ್ಲ. ಡಿ ಎಂಜಿನ್‌ಗೆ ಅದು ಸರಿಹೊಂದಲಿಲ್ಲ ಅನ್ನುವುದನ್ನು ಒಪ್ಪುತ್ತಾರೆ. ಮುಂದೆ ಇನ್ನೂ ದೊಡ್ಡ ಎಂಜಿನ್ ಸಿಕ್ಕಿ, ವೇಗ 250ರ ಕಡೆಗೆ ಹೊರಟರೆ 120.5 ಇಂಚಿನ ವಾದಕ್ಕೆ ಇನ್ನಷ್ಟು ತೂಕ ಬರುತ್ತದೆ ಅನ್ನುತ್ತಾರೆ. ಆ ಲೆಕ್ಕವನ್ನು ಇನ್ನೂ ಯಾರೂ ಹಾಕಿಲ್ಲ. ಸದ್ಯಕ್ಕೆ ಅವರ ಮುಂದಿರುವ ಕೆಲಸ ಫೈರ್‌ಬರ್ಡ್‌ನ ನೆಲದ ತಗಡನ್ನು ಕೆರೆದು, ಕೇಜ್‌ನ ಮೊದಲ ಪೈಪನ್ನು ಬಗ್ಗಿಸುವುದು.